ಅರಿವು ಯಾರ ಹಿತಕ್ಕೆ? ಟೆಂಪಲ್ ಗ್ರ್ಯಾಂಡಿನ್ ಅವರ ‘ಥಿಂಕಿಂಗ್ ಇನ್ ಪಿಕ್ಚರ್ಸ್’ ಕುರಿತು

ಒಬ್ಬರ ಅನುಭವವನ್ನು ಇನ್ನೊಬ್ಬರು ಬರೆದಾಗ ಅದರಲ್ಲಿ ಬರೆದವರ ಊಹೆಯೂ ಬೆರೆಯುವುದು ಅನಿವಾರ್ಯ. ಆಟಿಸಂ ಎಂಬ ಸ್ಥಿತಿಯನ್ನು ಕುರಿತ ಸಾಹಿತ್ಯವು ಬಹುಕಾಲ ಇಂತಹ ಊಹೆಯ ಮೇಲೆಯೇ ನಿಂತಿತ್ತು. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಮನೋವೈದ್ಯ ಲಿಯೋ ಕ್ಯಾನರ್ ಅವರು 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಈ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಪ್ರತ್ಯೇಕ ಸ್ಥಾನವನ್ನು ಕಲ್ಪಿಸಿದರು. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಅವರ ಲೇಖನ ಹೊರಬಂದಿತು. ಅಲ್ಲಿಂದ ನಾಲ್ಕು ದಶಕಗಳ ಕಾಲ ವೈದ್ಯರು ಬರೆದರು, ಮನಶ್ಶಾಸ್ತ್ರಜ್ಞರು ಬರೆದರು, ವಿರಳವಾಗಿ ತಾಯಿತಂದೆಯರು ಬರೆದರು. ಆ ಮಕ್ಕಳೇ ಬೆಳೆದು ತಮ್ಮ ಬಾಲ್ಯವನ್ನು ತಾವೇ ನಿರೂಪಿಸಬಲ್ಲರೆಂಬ ನಿರೀಕ್ಷೆ ಹೆಚ್ಚಿನವರಿಗೆ ಇರಲಿಲ್ಲ. ಆ ನಿರೀಕ್ಷೆಯನ್ನು ಹುಟ್ಟಿಸಿದ ಗ್ರಂಥಕರ್ತರಲ್ಲಿ ಟೆಂಪಲ್ ಗ್ರ್ಯಾಂಡಿನ್ ಪ್ರಮುಖರು. 1986ರಲ್ಲಿ ಮಾರ್ಗರೆಟ್ ಸ್ಕಾರಿಯಾನೋ ಅವರೊಡನೆ ಬರೆದ ‘ಎಮರ್ಜೆನ್ಸ್’ ಅವರ ಮೊದಲ ಆತ್ಮಕಥನ. 1995ರಲ್ಲಿ ನರವೈದ್ಯ ಆಲಿವರ್ ಸ್ಯಾಕ್ಸ್ ಅವರ ಮುನ್ನುಡಿಯೊಡನೆ ಬಂದ ‘ಥಿಂಕಿಂಗ್ ಇನ್ ಪಿಕ್ಚರ್ಸ್’, ಅಂದರೆ ‘ಚಿತ್ರಗಳಲ್ಲಿ ಆಲೋಚನೆ’, ಅದಕ್ಕಿಂತ ವಿಸ್ತಾರವಾದುದು, ಹೆಚ್ಚು ಚರ್ಚೆಗೆ ಒಳಗಾದುದು.

ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಮನೆತನಗಳಲ್ಲಿ ಈ ಗ್ರಂಥವನ್ನು ಓದುವಾಗ ಒಂದು ವಿಶೇಷ ತೊಡಕು ಎದುರಾಗುತ್ತದೆ. ಇದರ ಲೇಖಕಿ ಪ್ರಾಣಿವಿಜ್ಞಾನದ ಪ್ರಾಧ್ಯಾಪಕಿ. ಕಸಾಯಿಖಾನೆಗಳಲ್ಲಿ ದನಗಳನ್ನು ಸಾಗಿಸುವ ಉಪಕರಣಗಳನ್ನು ರೂಪಿಸಿ ಹೆಸರಾದವರು. ಮಗುವಿನ ಮೌನವನ್ನು ಅರ್ಥಮಾಡಿಕೊಳ್ಳಲು ಹೊರಟ ತಾಯಿತಂದೆಯರು ಈ ಪುಸ್ತಕದ ಪುಟಗಳಲ್ಲಿ ವಧಾಸ್ಥಾನದ ಇಳಿಜಾರನ್ನೂ ಹಾದುಹೋಗಬೇಕಾಗುತ್ತದೆ. ಹಾಗೆಂದು ಗ್ರಂಥವನ್ನು ದೂರವಿಡುವುದು ಉಚಿತವಲ್ಲ. ಗುಣವನ್ನೂ ದೋಷವನ್ನೂ ಬೇರ್ಪಡಿಸಿ ನೋಡುವುದೇ ವಿಮರ್ಶೆಯ ಕಾರ್ಯ. ಇಲ್ಲಿಯಂತೂ ಆ ದೋಷವೇ ಓದುಗರಿಗೆ ಮಹತ್ತ್ವದ ಪಾಠವೊಂದನ್ನು ಒದಗಿಸುತ್ತದೆ.

ಮೊದಲು ಹೆಸರಿನ ವಿಚಾರ. ‘ಆಟಿಸಂ’ ಎಂಬ ಪದವನ್ನು ಸ್ವಿಟ್ಜರ್ಲೆಂಡಿನ ಮನೋವೈದ್ಯ ಆಯ್ಗನ್ ಬ್ಲಾಯ್ಲರ್ ಅವರು ಗ್ರೀಕ್ ಭಾಷೆಯ ‘ತಾನು’ ಎಂಬರ್ಥದ ಶಬ್ದದಿಂದ ರೂಪಿಸಿದ್ದರು. ಕ್ಯಾನರ್ ಅದನ್ನು ಬೇರೊಂದು ಅರ್ಥದಲ್ಲಿ ಬಳಸಿದರು. ಕನ್ನಡದ ‘ಸ್ವಲೀನತೆ’ ಅದನ್ನೇ ಅನುಸರಿಸಿದೆ. ಎರಡೂ ಪದಗಳು ಹೊರಗೆ ನಿಂತು ನೋಡಿದವರಿಗೆ ಕಂಡದ್ದನ್ನು ಹೇಳುತ್ತವೆ: ಮಗು ತನ್ನಲ್ಲೇ ಮುಳುಗಿದೆ, ಕರೆದರೆ ತಿರುಗುವುದಿಲ್ಲ. ಸ್ವಾತ್ಮದಲ್ಲಿ ಲೀನವಾಗುವುದನ್ನು ಸಾಧನೆಯೆಂದು ಕೇಳಿ ಬೆಳೆದ ಕಿವಿಗೆ ಈ ಪದ ಪ್ರಶಂಸೆಯಂತೆಯೂ ಕೇಳಿಸಬಹುದು. ಆದರೆ ಗ್ರ್ಯಾಂಡಿನ್ ಅವರ ಸಾಕ್ಷ್ಯವು ನಿಂದೆ, ಪ್ರಶಂಸೆ ಎರಡನ್ನೂ ಪಕ್ಕಕ್ಕೆ ಸರಿಸುತ್ತದೆ. ಅವರ ಪ್ರಕಾರ ಬಾಲ್ಯದಲ್ಲಿ ಅವರು ಲೋಕದಿಂದ ವಿಮುಖರಾದದ್ದು ಲೋಕ ಬೇಡವಾಗಿ ಅಲ್ಲ. ಲೋಕವು ಇಂದ್ರಿಯಗಳ ಮೂಲಕ ತಡೆಯಲಾರದಷ್ಟು ರಭಸದಿಂದ ಒಳನುಗ್ಗುತ್ತಿದ್ದುದರಿಂದ.

ಈ ಮಾತಿನ ಬೆಲೆಯನ್ನು ತಿಳಿಯಲು ಅದಕ್ಕೆ ಮುಂಚೆ ಪ್ರಚಲಿತವಾಗಿದ್ದ ವ್ಯಾಖ್ಯಾನವನ್ನು ನೆನೆಯಬೇಕು. ಶಿಕಾಗೋದಲ್ಲಿ ಮಕ್ಕಳ ಶಾಲೆಯೊಂದನ್ನು ನಡೆಸುತ್ತಿದ್ದ ಬ್ರೂನೋ ಬೆಟಲ್‌ಹೈಮ್ ಅವರು 1967ರಲ್ಲಿ ‘ದಿ ಎಂಪ್ಟಿ ಫೋರ್ಟ್ರೆಸ್’ ಎಂಬ ಗ್ರಂಥವನ್ನು ಪ್ರಕಟಿಸಿ, ಮಗು ಹೀಗಾಗಲು ತಾಯಿತಂದೆಯರ, ಅದರಲ್ಲೂ ತಾಯಿಯ, ಪ್ರೀತಿಯ ಅಭಾವವೇ ಕಾರಣವೆಂಬ ವಾದವನ್ನು ಹರಡಿದರು. ಸ್ವತಃ ಇಂತಹ ಮಗುವಿನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ ಅವರು 1964ರಲ್ಲಿಯೇ ಈ ಬಗೆಯ ವಾದವನ್ನು ಖಂಡಿಸಿ, ಮೂಲವು ಶರೀರದಲ್ಲಿದೆಯೆಂದು ತೋರಿಸಿದ್ದರು. ಬೆಟಲ್‌ಹೈಮ್ ಅವರ ಗ್ರಂಥ ಬಂದ ವರ್ಷವೇ ಕ್ಲಾರಾ ಕ್ಲೇಬೋರ್ನ್ ಪಾರ್ಕ್ ಎಂಬ ತಾಯಿ ತಮ್ಮ ಮಗಳ ಬಾಲ್ಯವನ್ನು ‘ದಿ ಸೀಜ್’ ಎಂಬ ಕೃತಿಯಲ್ಲಿ ಸಂಯಮದಿಂದ ದಾಖಲಿಸಿದರು. ಆದರೂ ತಾಯಿಯ ಮೇಲಿನ ಆರೋಪವು ಬಹುಕಾಲ ಅಳಿಯಲಿಲ್ಲ. ವಿಜ್ಞಾನವು ಅದನ್ನು ಕೈಬಿಟ್ಟು ದಶಕಗಳೇ ಕಳೆದಿವೆ. ಆಟಿಸಂಗೆ ಬಲವಾದ ಆನುವಂಶಿಕ ಮೂಲವಿದೆಯೆಂಬುದು ಇಂದು ಸ್ಥಾಪಿತ ವಿಷಯ. ಆದರೆ ಅದೇ ಆರೋಪ ಬೇರೆ ವೇಷದಲ್ಲಿ ಇಲ್ಲಿಯೂ ಕೇಳಿಬರುತ್ತದೆ. ಮಗುವಿನ ಸ್ಥಿತಿಯನ್ನು ಕಂಡ ಬಂಧುಗಳು ‘ಪೂರ್ವಕರ್ಮ’ ಎಂದು ನಿಟ್ಟುಸಿರುಬಿಟ್ಟರೆ ಆ ಮಾತು ಬಂದು ನಾಟುವುದು ತಾಯಿಯ ಎದೆಗೇ. ಕರ್ಮಸಿದ್ಧಾಂತವು ಪ್ರತಿಯೊಬ್ಬರೂ ತಮ್ಮ ನಡೆಯನ್ನು ತಾವೇ ಪರೀಕ್ಷಿಸಿಕೊಳ್ಳುವುದಕ್ಕೆ ಇರುವಂಥದು. ನೆರೆಮನೆಯವರ ಸಂಕಟಕ್ಕೆ ತೀರ್ಪು ಕೊಡುವ ಅಧಿಕಾರವನ್ನು ಅದು ಯಾರಿಗೂ ನೀಡಿಲ್ಲ.

ಗ್ರ್ಯಾಂಡಿನ್ ಅವರು ಹುಟ್ಟಿದ್ದು 1947ರಲ್ಲಿ, ಬಾಸ್ಟನ್ ನಗರದ ಅನುಕೂಲಸ್ಥ ಕುಟುಂಬವೊಂದರಲ್ಲಿ. ಮೂರೂವರೆ ವರ್ಷದವರೆಗೆ ಅವರಿಗೆ ಮಾತು ಬರಲಿಲ್ಲ. ಇಂತಹ ಮಕ್ಕಳನ್ನು ಆಶ್ರಯಸಂಸ್ಥೆಗಳಿಗೆ ಸೇರಿಸಿ ಮರೆತುಬಿಡುವುದು ಆ ಕಾಲದ ವಾಡಿಕೆ. ತಾಯಿ ಯುಸ್ಟೇಷಿಯಾ ಕಟ್ಲರ್ ಅದಕ್ಕೆ ಒಪ್ಪದೆ ಮಾತು ಕಲಿಸುವ ಶಿಕ್ಷಕಿಯನ್ನು ಗೊತ್ತುಮಾಡಿದರು. ಸರದಿಯಂತೆ ಆಡುವ ಆಟಗಳಲ್ಲಿ ಮಗುವನ್ನು ತೊಡಗಿಸಲು ದಾದಿಯೊಬ್ಬರನ್ನು ನೇಮಿಸಿದರು. ಮುಂದೆ ವಸತಿಶಾಲೆಯಲ್ಲಿ ವಿಲಿಯಂ ಕಾರ್ಲಾಕ್ ಎಂಬ ವಿಜ್ಞಾನಶಿಕ್ಷಕರು ಹುಡುಗಿಯ ವಿಚಿತ್ರ ಆಸಕ್ತಿಗಳನ್ನು ಹತ್ತಿಕ್ಕದೆ ಅಧ್ಯಯನದ ಕಡೆಗೆ ತಿರುಗಿಸಿದರು. 1989ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ ಗ್ರ್ಯಾಂಡಿನ್, ಕೊಲರಾಡೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದರು.

ಗ್ರಂಥದ ಅತ್ಯಂತ ಬೆಲೆಬಾಳುವ ಭಾಗ ಇಂದ್ರಿಯಾನುಭವವನ್ನು ಕುರಿತದ್ದು. ಶಾಲೆಯ ಗಂಟೆಯ ಸದ್ದು ಅವರಿಗೆ ದೇಹದೊಳಗೆ ಕೊರೆಯುವ ನೋವಾಗಿತ್ತು. ಪ್ರೀತಿಯಿಂದ ಅಪ್ಪಿಕೊಂಡ ಬಂಧುಗಳ ಸ್ಪರ್ಶ ಉಸಿರುಗಟ್ಟಿಸುವ ಅಲೆಯಾಗಿತ್ತು. ಚರ್ಚಿಗೆ ಹೋಗುವ ಭಾನುವಾರಗಳಂದು ತೊಡಿಸುತ್ತಿದ್ದ ಒರಟು ಒಳಲಂಗ ಚರ್ಮವನ್ನು ಕೆರೆಯುತ್ತಿತ್ತು. ನಿತ್ಯದ ಉಡುಪಿನಿಂದ ಬೇರೆ ಉಡುಪಿಗೆ ಮೈ ಹೊಂದಿಕೊಳ್ಳಲು ದಿನಗಳೇ ಬೇಕಾಗುತ್ತಿದ್ದವು. ಹೀಗಾಗಿ ಪ್ರಾರ್ಥನೆಯ ಹೊತ್ತಿನಲ್ಲಿ ಮಗು ಗಲಾಟೆ ಮಾಡುತ್ತಿತ್ತು. ನೋಡಿದವರಿಗೆ ಅದು ಹಠ. ಮಗುವಿಗೆ ಅದು ಯಾತನೆ. ಬಸದಿಗೆ ಬರುವ ಕುಟುಂಬಗಳಿಗೆ ಈ ಪುಟಗಳು ದೂರದ ದೇಶದ ಕಥೆಯಾಗಿ ಉಳಿಯಲಾರವು. ಹೊಸ ರೇಷ್ಮೆಬಟ್ಟೆ, ಒಮ್ಮೆಲೇ ಬಾರಿಸುವ ಘಂಟೆ ಜಾಗಟೆಗಳು, ಧ್ವನಿವರ್ಧಕದಲ್ಲಿ ಕೂಗುವ ಕಲಶದ ಸವಾಲು, ಅಭಿಷೇಕದ ಹಲವು ಪರಿಮಳಗಳು, ಭುಜಕ್ಕೆ ಭುಜ ತಾಗುವ ಜನಸಂದಣಿ – ಇವೆಲ್ಲ ಏಕಕಾಲದಲ್ಲಿ ಮುತ್ತಿದಾಗ ಕಿವಿ ಮುಚ್ಚಿಕೊಂಡು ಚೀರುವ ಮಗುವಿಗೆ ಭಕ್ತಿಯಿಲ್ಲವೆಂದೂ ಸಂಸ್ಕಾರವಿಲ್ಲವೆಂದೂ ಎಣಿಸುವುದು ಎಷ್ಟು ಅಸಂಗತವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಇಲ್ಲೊಂದು ಸಂಗತಿ ಗಮನಾರ್ಹ. ಇಂದ್ರಿಯಗಳ ಈ ಅತಿಸಂವೇದನೆಯನ್ನು, ಕೆಲವರಲ್ಲಿ ಕಾಣುವ ಮಂದಸಂವೇದನೆಯನ್ನು, ಅಮೆರಿಕದ ಮನೋವೈದ್ಯ ಸಂಘವು ತನ್ನ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ, ಅಂದರೆ 2013ರಲ್ಲಿ, ಆಟಿಸಂ ಗುರುತಿಸುವ ಲಕ್ಷಣಗಳಲ್ಲೊಂದಾಗಿ ಸೇರಿಸಿತು. ಗ್ರ್ಯಾಂಡಿನ್ ಅವರು ಅದನ್ನು ಬರೆದು ಆಗಲೇ 27 ವರ್ಷಗಳು ಸಂದಿದ್ದವು. ಅನುಭವಿಸಿದವರ ಮಾತನ್ನು ಕೇಳಿಸಿಕೊಂಡಲ್ಲಿ ಶಾಸ್ತ್ರವೂ ಬೇಗ ಬೆಳೆಯುತ್ತದೆ ಎಂಬುದಕ್ಕೆ ಇದು ಸಾಕಷ್ಟು ನಿದರ್ಶನ.

ಗ್ರಂಥದ ಶೀರ್ಷಿಕೆಯು ಲೇಖಕಿಯ ಆಲೋಚನೆಯ ರೀತಿಯನ್ನು ಸೂಚಿಸುತ್ತದೆ. ಅವರಿಗೆ ಪದಗಳು ಎರಡನೆಯ ಭಾಷೆ. ಮೊದಲ ಭಾಷೆ ಚಿತ್ರ. ಅಮೂರ್ತ ವಿಚಾರವೊಂದನ್ನು ಹಿಡಿಯಬೇಕಾದರೆ ಅದಕ್ಕೊಂದು ಕಣ್ಣಿಗೆ ಕಾಣುವ ಆಕಾರ ಬೇಕು. ಬಾಳಿನ ಒಂದು ಹಂತದಿಂದ ಇನ್ನೊಂದಕ್ಕೆ ಸಾಗುವುದನ್ನು ಗ್ರಹಿಸಲು ಅವರು ನಿಜವಾದ ಬಾಗಿಲುಗಳನ್ನು ತೆರೆದು ದಾಟಿ ಅಭ್ಯಾಸಮಾಡಿದರು. ಬಾಲ್ಯದಲ್ಲಿ ಕಲಿತ ಪ್ರಾರ್ಥನೆಯಲ್ಲಿನ ಶಕ್ತಿ, ಮಹಿಮೆ ಎಂಬ ಪದಗಳು ವಿದ್ಯುತ್ ಗೋಪುರವಾಗಿಯೂ ಕಾಮನಬಿಲ್ಲಾಗಿಯೂ ರೂಪುಗೊಂಡ ಮೇಲಷ್ಟೇ ಅವರಿಗೆ ಅರ್ಥವಾದವು. ಸ್ತೋತ್ರಗಳನ್ನು ಬಾಯಿಪಾಠ ಮಾಡಿಸುವ ಪಾಠಶಾಲೆಗಳಲ್ಲಿ ಒಂದು ಮಗು ಹೇಳದೆ ಸುಮ್ಮನಿದ್ದರೆ ಅದಕ್ಕೆ ಏನೂ ತಲುಪುತ್ತಿಲ್ಲವೆಂದು ತೀರ್ಮಾನಿಸುವ ಮುನ್ನ, ಅದು ತಲುಪುವ ದಾರಿ ಬೇರೆಯಿರಬಹುದೆಂದು ಯೋಚಿಸಲು ಈ ಅಧ್ಯಾಯ ಪ್ರೇರೇಪಿಸುತ್ತದೆ.

ಆದರೆ ಇಲ್ಲಿಯೇ ಗ್ರಂಥದ ಮೊದಲ ದೌರ್ಬಲ್ಯವೂ ಇದೆ. ತಮಗೆ ನಿಜವಾದುದು ಆಟಿಸಂ ಉಳ್ಳ ಎಲ್ಲರಿಗೂ ನಿಜವೆಂಬ ಧಾಟಿ ಮೊದಲ ಆವೃತ್ತಿಯಲ್ಲಿ ಎದ್ದುಕಾಣುತ್ತದೆ. ಎಲ್ಲರೂ ಚಿತ್ರಗಳಲ್ಲಿ ಆಲೋಚಿಸುವುದಿಲ್ಲ. ಕೆಲವರ ಮನಸ್ಸು ಸಂಖ್ಯೆ ಮತ್ತು ವಿನ್ಯಾಸಗಳಲ್ಲಿ ಓಡುತ್ತದೆ, ಕೆಲವರದು ಪದಗಳಲ್ಲೇ ನೆಲೆಗೊಂಡಿದೆ. 2006ರ ವಿಸ್ತೃತ ಆವೃತ್ತಿಯಲ್ಲಿ ಗ್ರ್ಯಾಂಡಿನ್ ಅವರೇ ಇದನ್ನು ತಿದ್ದಿ ಮೂರು ಬಗೆಗಳನ್ನು ಸೂಚಿಸಿದರು. ಈ ತಿದ್ದುಪಡಿ ಶ್ಲಾಘನೀಯ. ಒಬ್ಬರ ದರ್ಶನ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದು ಒಂದು ಕಡೆಯಿಂದ ಕಂಡ ನೋಟವೆಂಬ ಎಚ್ಚರವು, ಹೊರಗಿನಿಂದ ನೋಡುವ ವೈದ್ಯರಿಗೆ ಬೇಕಾದಂತೆಯೇ ಒಳಗಿನಿಂದ ಮಾತನಾಡುವವರಿಗೂ ಬೇಕು.

ಎರಡನೆಯ ದೌರ್ಬಲ್ಯ ಇನ್ನೂ ಗಂಭೀರವಾದುದು. ಗ್ರಂಥದ ಒಂದು ಅಧ್ಯಾಯವು ಆಟಿಸಂಗೂ ಪ್ರತಿಭೆಗೂ ಇರುವ ನಂಟನ್ನು ಅರಸುತ್ತ ಐನ್‌ಸ್ಟೀನ್ ಮೊದಲಾದವರನ್ನು ಈ ಬಳಗಕ್ಕೆ ಸೇರಿಸಲು ಯತ್ನಿಸುತ್ತದೆ. ಕಾಲವಾದವರ ಮೇಲೆ ರೋಗನಿರ್ಣಯ ಹೇರುವುದು ದುರ್ಬಲವಾದ ವಾದವೆಂಬುದು ಹಾಗಿರಲಿ. ಅದರ ಹಿಂದಿರುವ ಧೋರಣೆಯನ್ನು ಪರಿಶೀಲಿಸಬೇಕು. ಉಪಯುಕ್ತವಾದ ಪ್ರತಿಭೆಯಿರುವುದರಿಂದ ಇಂತಹವರನ್ನು ಉಳಿಸಿಕೊಳ್ಳಬೇಕು ಎಂಬ ಸಮರ್ಥನೆಯನ್ನು ಒಪ್ಪಿದರೆ, ಪ್ರತಿಭೆಯಿಲ್ಲದ, ಮಾತು ಬಾರದ, ನಲವತ್ತು ವರ್ಷ ವಯಸ್ಸಿನಲ್ಲೂ ತಾಯಿಯೇ ಊಟಮಾಡಿಸಬೇಕಾದ ಮಗನ ಗತಿಯೇನು? ಬೌದ್ಧಿಕ ನ್ಯೂನತೆಯೂ ಜೊತೆಗಿರುವವರು, ಅಪಸ್ಮಾರದಿಂದ ಬಳಲುವವರು, ಜೀವನಪೂರ್ತಿ ಆಸರೆ ಬೇಕಾದವರು ಈ ಸಮುದಾಯದಲ್ಲಿ ಸಣ್ಣ ಸಂಖ್ಯೆಯವರಲ್ಲ. ಜೀವದ ಬೆಲೆಯನ್ನು ಪ್ರಯೋಜನದಿಂದ ಅಳೆಯದಿರುವುದು ಅಹಿಂಸಾಧರ್ಮದ ಮೊದಲ ಪಾಠ. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ಜೀವಗಳನ್ನು ವಿಂಗಡಿಸಿದ ಶಾಸ್ತ್ರಕಾರರು ಮಾತಿಲ್ಲದ ಜೀವಕ್ಕೂ ವೇದನೆಯಿದೆಯೆಂದು ಹೇಳಿದರೇ ಹೊರತು, ಉಪಯೋಗಕ್ಕೆ ಬಂದಷ್ಟೇ ರಕ್ಷಣೆಯೆಂದು ಎಲ್ಲಿಯೂ ಹೇಳಲಿಲ್ಲ. ಈ ವಿಷಯದಲ್ಲಿ ಜಿಮ್ ಸಿಂಕ್ಲೇರ್ ಅವರು 1993ರಲ್ಲಿ ಟೊರೊಂಟೊ ನಗರದ ಸಮ್ಮೇಳನದಲ್ಲಿ ತಾಯಿತಂದೆಯರಿಗೆ ಆಡಿದ ಮಾತು ಹೆಚ್ಚು ದೃಢವಾದುದು. ತಾವೂ ಆಟಿಸಂ ಉಳ್ಳ ಸಿಂಕ್ಲೇರ್ ಅವರ ವಾದದ ಸಾರವಿಷ್ಟು: ತಾಯಿತಂದೆಯರು ಅಳುವುದು ತಾವು ನಿರೀಕ್ಷಿಸಿದ್ದ, ಹುಟ್ಟದೇ ಹೋದ ಮಗುವಿಗಾಗಿ, ಆ ದುಃಖವನ್ನು ಎದುರಿಗೆ ಜೀವಂತವಾಗಿರುವ ಮಗುವಿನ ಮೇಲೆ ಹೊರಿಸಬಾರದು. ಇಲ್ಲಿ ಪ್ರತಿಭೆಯ ಜಾಮೀನಿಲ್ಲ. ಮಗು ಇದೆ ಎಂಬುದೇ ಸಾಕು.

ಇನ್ನು ಓದುಗರ ಮನಸ್ಸನ್ನು ಕಲಕುವ ಭಾಗಕ್ಕೆ ಬರಬೇಕು. ಹದಿಹರೆಯದಲ್ಲಿ ಅರಿಜೋನಾದ ಚಿಕ್ಕಮ್ಮನ ದನಗಳ ತೋಟದಲ್ಲಿ ಬೇಸಿಗೆ ಕಳೆದ ಗ್ರ್ಯಾಂಡಿನ್, ಚುಚ್ಚುಮದ್ದಿಗಾಗಿ ದನಗಳನ್ನು ಎರಡು ಬದಿಯ ಹಲಗೆಗಳ ನಡುವೆ ಒತ್ತಿ ನಿಲ್ಲಿಸಿದಾಗ ಅವುಗಳಲ್ಲಿ ಕೆಲವು ಶಾಂತವಾಗುವುದನ್ನು ಕಂಡರು. ಮನುಷ್ಯಸ್ಪರ್ಶವನ್ನು ತಾಳಲಾರದೆ, ಆದರೆ ಒತ್ತುವಿಕೆಗಾಗಿ ಹಂಬಲಿಸುತ್ತಿದ್ದ ಅವರು ತಮಗೂ ಅಂತಹುದೊಂದು ಯಂತ್ರವನ್ನು ನಿರ್ಮಿಸಿಕೊಂಡರು. ಒತ್ತಡದ ಪ್ರಮಾಣ ಅವರ ಕೈಯಲ್ಲೇ ಇತ್ತು ಎಂಬುದು ಮುಖ್ಯ. ಶಾಲೆಯ ಮನಶ್ಶಾಸ್ತ್ರಜ್ಞರು ಅದನ್ನು ವಿಕೃತಿಯೆಂದು ಕಸಿಯಲು ನೋಡಿದರೆ, ಕಾರ್ಲಾಕ್ ಅವರು ಅದು ಏಕೆ ನೆಮ್ಮದಿ ಕೊಡುತ್ತದೆಂದು ಸಂಶೋಧಿಸಲು ಹೇಳಿದರು. ಆಳವಾದ ಒತ್ತಡದ ಶಮನಕಾರಿ ಪರಿಣಾಮವನ್ನು ಕುರಿತು 1992ರಲ್ಲಿ ಗ್ರ್ಯಾಂಡಿನ್ ವೈಜ್ಞಾನಿಕ ಲೇಖನವನ್ನೇ ಪ್ರಕಟಿಸಿದರು.

ದನದ ಭಯವನ್ನು ಅರಿಯಲು ಅವರು ಅನುಸರಿಸಿದ ಕ್ರಮವೂ ಅಷ್ಟೇ ಸರಳವಾದುದು. ದನಗಳು ಸಾಗುವ ಓಣಿಯೊಳಗೆ ತಾವೇ ಇಳಿದು, ಅವುಗಳ ಕಣ್ಣಿನ ಎತ್ತರಕ್ಕೆ ಬಾಗಿ ನೋಡಿದರು. ನೆಲದ ಮೇಲೆ ಬಿದ್ದ ಗಾಢ ನೆರಳು, ತೂಗಾಡುವ ಸರಪಳಿ, ಬೇಲಿಯ ಮೇಲೆ ಹಾಕಿದ ಅಂಗಿ, ನೀರಿನಲ್ಲಿ ಮಿನುಗುವ ಬೆಳಕು – ಆಳುಗಳ ಲಕ್ಷ್ಯಕ್ಕೆ ಬಾರದ ಇವುಗಳಿಂದ ದನಗಳು ಬೆದರಿ ನಿಲ್ಲುತ್ತಿದ್ದವು. ಹೊಡೆತ, ವಿದ್ಯುತ್ ಕೋಲುಗಳ ಬದಲು ಆ ಸರಪಳಿಯನ್ನು ತೆಗೆದರೆ ಸಾಕಾಗುತ್ತಿತ್ತು. ಹಠಮಾರಿ ಎನಿಸಿಕೊಂಡ ಮಗುವಿನ ಮುಂದೆಯೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಅದರ ಕಣ್ಣೆತ್ತರದಲ್ಲಿ ಏನು ತೂಗಾಡುತ್ತಿದೆ?

ಆದರೆ ಆ ಓಣಿ ಎಲ್ಲಿಗೆ ಹೋಗುತ್ತದೆ? ಅವರು ರೂಪಿಸಿದ ಬಾಗು ಓಣಿಗಳೂ ಇಳಿಜಾರುಗಳೂ ಅಮೆರಿಕದ ಕಸಾಯಿಖಾನೆಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದವು. ಗ್ರಂಥದ ಕೊನೆಯ ಅಧ್ಯಾಯವು ‘ಸ್ವರ್ಗದ ಮೆಟ್ಟಿಲು’ ಎಂಬ ಅರ್ಥದ ಶೀರ್ಷಿಕೆಯಡಿ ಆ ವಧಾಸ್ಥಾನವನ್ನೇ ಧಾರ್ಮಿಕ ಚಿಂತನೆಯ ನೆಲೆಯಾಗಿಸುತ್ತದೆ. ಪ್ರಾಣಿಯ ಕೊನೆಯ ಗಳಿಗೆಯ ಭಯವನ್ನು ತಗ್ಗಿಸಿದ್ದು ಸುಳ್ಳಲ್ಲ. ಆ ಇಳಿಕೆ ಪ್ರಾಣಿಯ ಪಾಲಿಗೆ ನಿಜವಾದುದೇ. ಲೇಖಕಿಯು ತಮ್ಮ ವೃತ್ತಿಯನ್ನು ಮರೆಮಾಚುವುದಿಲ್ಲ, ಮಾಂಸಾಹಾರವನ್ನು ಅಲ್ಲಗಳೆಯುವುದೂ ಇಲ್ಲ. ಆದರೂ ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯಿಂದಲೂ ಹಿಂಸೆಯನ್ನು ಪರೀಕ್ಷಿಸುವ ಸಂಪ್ರದಾಯದ ಓದುಗರು ಇಲ್ಲಿ ನಿಲ್ಲಲೇಬೇಕು. ದನದ ಭಯವನ್ನು ಇಷ್ಟು ಸೂಕ್ಷ್ಮವಾಗಿ ಅರಿತ ಮನಸ್ಸು ಆ ಅರಿವನ್ನು ದನವನ್ನು ಸುಗಮವಾಗಿ ವಧೆಗೆ ಒಯ್ಯುವುದಕ್ಕೆ ಬಳಸಿತು. ಸರಪಳಿಯನ್ನು ತೆಗೆದದ್ದರಿಂದ ದನಕ್ಕೆ ನೆಮ್ಮದಿಯಾಯಿತು; ಆದರೆ ಸರಪಳಿ ತೆಗೆಸಿದ ಉದ್ದೇಶ ದನದ್ದಾಗಿರಲಿಲ್ಲ.

ಈ ಮಾತು ಕಸಾಯಿಖಾನೆಯ ಗೋಡೆಯೊಳಗೆ ಮುಗಿಯುವಂಥದಲ್ಲ. ಇನ್ನೊಬ್ಬರ ಅನುಭವವನ್ನು ಅರಿಯುವುದು ತಾನಾಗಿಯೇ ಕರುಣೆಯಾಗುವುದಿಲ್ಲ. ಅದು ಯಾರ ಹಿತಕ್ಕೆ ವಿನಿಯೋಗವಾಗುತ್ತದೆಂಬುದರ ಮೇಲೆ ಅದರ ಧರ್ಮಾಧರ್ಮ ನಿಂತಿದೆ. ಆಟಿಸಂನ ಚಿಕಿತ್ಸೆಯ ಇತಿಹಾಸವೇ ಇದಕ್ಕೆ ಸಾಕ್ಷಿ. 1960ರ ದಶಕದಲ್ಲಿ ಲಾಸ್ ಏಂಜಲೀಸ್‌ನಲ್ಲಿ ಐವಾರ್ ಲೋವಾಸ್ ಅವರು ಮಕ್ಕಳ ವರ್ತನೆಯನ್ನು ಬಹು ಸೂಕ್ಷ್ಮವಾಗಿ ಗಮನಿಸಿ, ಬಹುಮಾನದ ಜೊತೆಗೆ ಹೊಡೆತವನ್ನೂ ವಿದ್ಯುದಾಘಾತವನ್ನೂ ಬಳಸಿ ಅದನ್ನು ತಿದ್ದಲು ಯತ್ನಿಸಿದರು. ಗಮನಕ್ಕೆ ಅಲ್ಲಿ ಕೊರತೆಯಿರಲಿಲ್ಲ. ಮಗುವಿನ ಪಾಲಿಗೆ ಏನು ನಡೆಯುತ್ತಿದೆಯೆಂಬ ವಿಚಾರಕ್ಕೆ ಸ್ಥಾನವಿರಲಿಲ್ಲ. ಇಂದಿಗೂ ಕೈ ಬಡಿಯುವ, ಓಲಾಡುವ ಮಗುವನ್ನು ಸುಮ್ಮನೆ ಕೂರಿಸಿದ ತರಬೇತಿಯನ್ನು ಯಶಸ್ಸೆಂದು ಕರೆಯುವಾಗ, ಆ ಓಲಾಟವೇ ಮಗುವಿನ ಸಮಾಧಾನವಾಗಿತ್ತೇ, ಸುಮ್ಮನಿರುವುದರಿಂದ ನೆಮ್ಮದಿ ದೊರೆತದ್ದು ಮಗುವಿಗೋ ಅತಿಥಿಗಳ ಮುಂದೆ ಸಂಕೋಚಪಡುತ್ತಿದ್ದ ಹಿರಿಯರಿಗೋ ಎಂದು ಕೇಳಬೇಕು. ಮಾತು, ಸ್ನಾನ, ಊಟ, ರಸ್ತೆ ದಾಟುವುದು ಇವನ್ನು ಕಲಿಸುವುದು ಮಗುವಿನ ಹಿತ. ನೋಡುವವರ ಕಣ್ಣಿಗೆ ಹಿತವಾಗುವಂತೆ ಮಗುವನ್ನು ಒತ್ತಿ ನಿಲ್ಲಿಸುವುದು ಬೇರೆ. ಒತ್ತುವ ಯಂತ್ರದ ಹಿಡಿಕೆ ಗ್ರ್ಯಾಂಡಿನ್ ಅವರ ಕೈಯಲ್ಲಿತ್ತು, ದನದ ಕೈಯಲ್ಲಿರಲಿಲ್ಲ ಎಂಬ ಒಂದೇ ಸಂಗತಿ ಈ ವ್ಯತ್ಯಾಸವನ್ನು ತಿಳಿಸಲು ಸಾಕು.

ಗ್ರಂಥವು ಪೂರ್ಣವಾಗಿ ಬಿಡಿಸದ ಇನ್ನೊಂದು ಗಂಟಿದೆ. ಆಟಿಸಂ ಉಳ್ಳವರಿಗೆ ಪರರ ಮನಸ್ಸು ತಿಳಿಯದು, ಸಹಾನುಭೂತಿ ಕಡಿಮೆ ಎಂಬುದು ಲೋಕದ ಅಭಿಪ್ರಾಯ. ಜನರ ನಡುವೆ ತಾವು ಮಂಗಳಗ್ರಹಕ್ಕೆ ಹೋದ ಮಾನವಶಾಸ್ತ್ರಜ್ಞೆಯಂತೆ ಎಂದು ಗ್ರ್ಯಾಂಡಿನ್ ಹೇಳಿಕೊಂಡ ಮಾತನ್ನೇ ಆಲಿವರ್ ಸ್ಯಾಕ್ಸ್ ತಮ್ಮ 1995ರ ಗ್ರಂಥಕ್ಕೆ ಶೀರ್ಷಿಕೆಯಾಗಿಸಿದರು. ಆದರೆ 2012ರಲ್ಲಿ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್, ಸ್ವತಃ ಆಟಿಸಂ ಉಳ್ಳವರು, ಈ ಅಭಿಪ್ರಾಯದ ಇನ್ನೊಂದು ಮಗ್ಗುಲನ್ನು ತೋರಿಸಿದರು. ತಿಳಿಯದಿರುವಿಕೆ ಎರಡೂ ಕಡೆಗಿದೆ. ಇತರರಿಗೂ ಆಟಿಸಂ ಉಳ್ಳವರ ಮನಸ್ಸು ತಿಳಿಯುವುದಿಲ್ಲ. ಅಲ್ಪಸಂಖ್ಯಾತರ ತಿಳಿಯದಿರುವಿಕೆಗೆ ಮಾತ್ರ ರೋಗವೆಂಬ ಹೆಸರು ಬಿದ್ದಿದೆ. ಗಂಟೆಯ ಸದ್ದಿಗೆ ನರಳುವ ಮಗುವನ್ನು ಗದರಿಸುವ ಹಿರಿಯರೂ ಆ ಗಳಿಗೆಯಲ್ಲಿ ಪರರ ಮನಸ್ಸನ್ನು ಅರಿಯದವರೇ.

ಈ ಗ್ರಂಥದಿಂದ ಬಸದಿಗಳ ಟ್ರಸ್ಟುಗಳೂ ಕುಟುಂಬಗಳೂ ಪಡೆಯಬಹುದಾದ ಪ್ರಯೋಜನ ಕೇವಲ ತಾತ್ತ್ವಿಕವಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಗುರುತಿಸಿದ 21 ಬಗೆಯ ನ್ಯೂನತೆಗಳಲ್ಲಿ ಆಟಿಸಂ ಸೇರಿದೆ. ಆದರೆ ಗಾಲಿಕುರ್ಚಿಗೆ ಇಳಿಜಾರು ಕಟ್ಟಿಸುವ ಆಡಳಿತಮಂಡಳಿಗೂ ಸದ್ದಿನ ಮೆಟ್ಟಿಲು ಕಣ್ಣಿಗೆ ಬೀಳುವುದು ಕಡಿಮೆ. ಧ್ವನಿವರ್ಧಕವಿಲ್ಲದ, ಘಂಟೆ ಬಾರಿಸದ ದರ್ಶನದ ಒಂದು ಹೊತ್ತನ್ನು ಮುಂಚಿತವಾಗಿ ತಿಳಿಸುವುದು, ಪಂಚಕಲ್ಯಾಣದಂತಹ ದೊಡ್ಡ ಉತ್ಸವಗಳಲ್ಲಿ ಶಾಂತವಾದ ಒಂದು ಕೋಣೆಯನ್ನು ಮೀಸಲಿಡುವುದು, ಮಗು ಒಗ್ಗಿದ ಹತ್ತಿ ಬಟ್ಟೆಯಲ್ಲಿ ಬಂದರೆ ಆಕ್ಷೇಪಿಸದಿರುವುದು, ಪಾಠಶಾಲೆಯಲ್ಲಿ ಚಿತ್ರಗಳ ಮೂಲಕ ಕಲಿಯಲು ಬಿಡುವುದು – ಇವಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಆದರೆ ಇವನ್ನು ನಿರ್ಧರಿಸುವ ಮುನ್ನ ಆ ಮಗುವನ್ನು, ಅದಕ್ಕೆ ಮಾತಿಲ್ಲದಿದ್ದರೆ ಅದರ ಮೈ ಹೇಳುವುದನ್ನು ಬಲ್ಲ ತಾಯಿಯನ್ನು ಕೇಳಬೇಕು.

ಗ್ರ್ಯಾಂಡಿನ್ ಅವರದು ಮಾತು ದೊರೆತ, ಮನೆಯ ಅನುಕೂಲ ದೊರೆತ, ಒಬ್ಬ ಒಳ್ಳೆಯ ಶಿಕ್ಷಕರು ದೊರೆತ ಒಬ್ಬರ ಸಾಕ್ಷ್ಯ. ಈ ಮೂರೂ ದೊರೆಯದವರ ಪರವಾಗಿ ಅದು ಪೂರ್ತಿ ನಿಲ್ಲಲಾರದು. ಆದರೂ ನೋಡಲ್ಪಡುತ್ತಿದ್ದವರು ತಾವೇ ನೋಡಿ ಹೇಳಿದ ಮೊದಲ ಗ್ರಂಥಗಳಲ್ಲಿ ಇದೊಂದು. ಆ ಕಾರಣಕ್ಕೆ ಇದನ್ನು ಓದಬೇಕು. ಬಾಗಿ ನೋಡುವ ಅವರ ವಿಧಾನವನ್ನು ಸ್ವೀಕರಿಸಿ, ಆ ನೋಟವನ್ನು ಅವರು ಒಯ್ದ ಕಡೆಗೆ ಒಯ್ಯದೆ ನೋಡಲ್ಪಟ್ಟ ಜೀವದ ಹಿತಕ್ಕೇ ಹಿಂತಿರುಗಿಸುವುದು ಅಹಿಂಸೆಯನ್ನು ನಂಬಿದ ಓದುಗರ ಕರ್ತವ್ಯವಾಗಿದೆ.